ನಿಮಗಿದು ಗೊತ್ತೆ? ಸ್ಟಿಕ್ಕರ್ ಕತ್ತರಿಸಿದರೂ ಹಿಂದಿನ ಕಾಗದಕ್ಕೆ ಗಾಯವಿಲ್ಲ!

ಮನೆಯ ಮೇಜಿನ ಮೇಲಿಡುವ ಕಟಿಂಗ್ ಯಂತ್ರದಲ್ಲಿ ಕೆಲಸವೆಲ್ಲ ಪುಟ್ಟ ಬ್ಲೇಡಿನದು. ವಿನೈಲ್ ಹಾಳೆಯ ಮೇಲ್ಪದರವನ್ನಷ್ಟೇ ಸೀಳಿ, ಅಂಟಿನ ಹಿಂಬದಿಯ ಕಾಗದವನ್ನು ಅದು ಹಾಗೇ ಬಿಡುತ್ತದೆ. ಬ್ಲೇಡಿನ ಮೊನೆ ನಟ್ಟನಡುವೆ ಇರದೆ ಕೊಂಚ ಪಕ್ಕಕ್ಕಿರುವುದರಿಂದ, ಸೂಪರ್ ಮಾರ್ಕೆಟ್ ಟ್ರಾಲಿಯ ಮುಂಚಕ್ರದ ಹಾಗೆ ಎಳೆದತ್ತ ತಾನೇ ತಿರುಗುತ್ತದೆ. ಅಕ್ಷರಗಳ ತಿರುವು ನುಣುಪಾಗಿ ಬರುವುದು ಇದರಿಂದಲೇ. ಅಮೆರಿಕದ ಯೂಟಾ ರಾಜ್ಯದಲ್ಲಿ ಹುಟ್ಟಿದ ಕ್ರಿಕಟ್ ಎಂಬ ಇಂಥ ಯಂತ್ರಗಳಿಗೆ ಮೊದಮೊದಲು ಚಿತ್ರ, ಅಕ್ಷರಗಳ ಕಾರ್ಟ್ರಿಜ್ ಕೊಂಡು ಸಿಕ್ಕಿಸಬೇಕಿತ್ತು (ದುಬಾರಿ ಗೀಳು!). ಈಗ ಮೊಬೈಲ್ ಸಾಕು. ಟೀ ಶರ್ಟಿಗೆ ಇಸ್ತ್ರಿ ಹಾಕಿ ಅಂಟಿಸುವ ವಿನೈಲಿನಲ್ಲಿ ಮಾತ್ರ ವಿನ್ಯಾಸವನ್ನು ಎಡಬಲ ತಿರುಗಿಸಿಯೇ ಕತ್ತರಿಸಬೇಕು. ಪಿವಿಸಿ ವಿನೈಲನ್ನು ಲೇಸರ್ ಕಟಿಂಗ್ ಯಂತ್ರಕ್ಕೆ ಎಂದೂ ಹಾಕಬೇಡಿ; ಹೈಡ್ರೋಜನ್ ಕ್ಲೋರೈಡ್ ಎಂಬ ವಿಷಾನಿಲ ಹೊಮ್ಮುತ್ತದೆ.