‘ಪಾಸಿಟಿವ್ ಅಂದ್ರೆ ಏನು ಮಿಸ್?’: ನರ ಅಂಗಾಂಶದ ಪಾಠ ಮತ್ತು ಗಡ್ಡೆಯ ಗುರುತಿನ ಪ್ರೋಟೀನ್‌ಗಳು

ಚಂದಾಪುರದ ಒಂದು ಪ್ರೌಢಶಾಲೆಯಲ್ಲಿ ನನ್ನ ಬೋಧನಾಭ್ಯಾಸದ ಎರಡನೆಯ ವಾರ. ಒಂಬತ್ತನೆಯ ತರಗತಿಗೆ ‘ಅಂಗಾಂಶಗಳು’ ಘಟಕದಲ್ಲಿ ನರ ಅಂಗಾಂಶದ ಪಾಠ ಮುಗಿಸಿ ಕಪ್ಪುಹಲಗೆ ಒರೆಸುತ್ತಿದ್ದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ನಾಲ್ಕಾಗಿ ಮಡಿಸಿದ ಜೆರಾಕ್ಸ್ ಪ್ರತಿಯೊಂದನ್ನು ತಂದಳು. “ಮಿಸ್, ಇದು ನಮ್ಮ ಚಿಕ್ಕಪ್ಪಂದು. ತಲೇಲಿ ಗಡ್ಡೆ ಅಂತ ಆಪರೇಷನ್ ಆಯ್ತು. ಇಲ್ಲಿ ಎರಡು ಕಡೆ ಪಾಸಿಟಿವ್ ಅಂತ ಇದೆ. ಒಳ್ಳೇದಾ, ಕೆಟ್ಟದ್ದಾ?”

ಮೊದಲ ಸಾಲಿನಲ್ಲಿ ಜಿಎಫ್‌ಎಪಿ ಎಂದಿತ್ತು. ಎಂ.ಎಸ್ಸಿ.ಯಲ್ಲಿ ಓದಿದ್ದ ಹೆಸರು. ಗೊತ್ತಿದೆ ಎಂಬ ಉತ್ಸಾಹದಲ್ಲಿ, “ಅದು ಗ್ಲಿಯಾ ಕೋಶದ ಪ್ರೋಟೀನ್ ಕಣಮ್ಮ, ಪಾಸಿಟಿವ್ ಅಂದ್ರೆ ಗ್ಲಿಯಾ ಕೋಶದ ಕ್ಯಾನ್ಸರ್ ಅಂತ” ಎಂದುಬಿಟ್ಟೆ. ಅವಳು ಕಾಗದ ಮಡಿಸಿಕೊಂಡು ಹೋದಳು. ಆ ಮುಖ ನೋಡಿದ ಮೇಲೆ ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಒಂದು ಮನೆಯ ವರದಿಯನ್ನು ಓದಿ ತೀರ್ಪು ಹೇಳುವುದು ಶಿಕ್ಷಕಿಯ ಕೆಲಸವಲ್ಲ ಎಂಬುದು ಒಂದು ತಪ್ಪು. ಹೇಳಿದ ವಿಜ್ಞಾನವೂ ಅರ್ಧ ಸುಳ್ಳಾಗಿತ್ತು ಎಂಬುದು ಎರಡನೆಯದು. ಅದು ಸಂಜೆ ಪುಸ್ತಕ ತೆಗೆದಾಗ ತಿಳಿಯಿತು.

ನಮ್ಮ ಪಾಠದ ಚಿತ್ರದಲ್ಲಿ ಇರುವುದು ನ್ಯೂರಾನ್ ಮಾತ್ರ. ಮಕ್ಕಳು ನರ ಅಂಗಾಂಶವೆಂದರೆ ನ್ಯೂರಾನ್ ಎಂದೇ ತಿಳಿಯುತ್ತಾರೆ, ನಾವೂ ಹಾಗೇ ಕಲಿತೆವು. ಆದರೆ ನ್ಯೂರಾನಿಗೆ ಆಸರೆಯಾಗಿ, ಆಹಾರ ಸಾಗಿಸಿ, ಸುತ್ತ ಹೊದಿಕೆ ಸುತ್ತುವ ಗ್ಲಿಯಾ ಕೋಶಗಳು ಅಲ್ಲಿ ಬೇಕಾದಷ್ಟಿವೆ. ಬೆಳೆದ ನ್ಯೂರಾನ್ ಸಾಮಾನ್ಯವಾಗಿ ವಿಭಜನೆಯಾಗುವುದಿಲ್ಲ. ವಯಸ್ಕರ ಮಿದುಳಿನೊಳಗೇ ಹುಟ್ಟುವ ಮಾರಕ ಗಡ್ಡೆಗಳಲ್ಲಿ ಬಹುಪಾಲು ಗ್ಲಿಯಾ ಬಗೆಯವು. ಇದಲ್ಲದೆ ಶ್ವಾಸಕೋಶ, ಸ್ತನ ಮುಂತಾದ ಕಡೆಯ ಕ್ಯಾನ್ಸರ್ ರಕ್ತದ ಮೂಲಕ ಬಂದು ಮಿದುಳಿನಲ್ಲಿ ನೆಲೆಯೂರುವುದೂ ಉಂಟು. ಸ್ಕ್ಯಾನಿನಲ್ಲಿ ಎರಡೂ ಬಿಳಿ ಮಚ್ಚೆಯಾಗಿ ಕಾಣಬಹುದು. ಚಿಕಿತ್ಸೆ ಮಾತ್ರ ಬೇರೆ ಬೇರೆ. ಹಾಗಾಗಿ ತೆಗೆದ ತುಣುಕನ್ನು ‘ನೀನು ಯಾವ ಕೋಶದವನು?’ ಎಂದು ಕೇಳಲೇಬೇಕು.

ಕೇಳುವ ಬಗೆ ಹೀಗಿದೆ. ನಿಮ್ಹಾನ್ಸ್‌ನಂಥ ಸಂಸ್ಥೆಯ ನ್ಯೂರೋಪೆಥಾಲಜಿ ಪ್ರಯೋಗಾಲಯದಲ್ಲಿ ಗಡ್ಡೆಯ ತುಣುಕನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಹುದುಗಿಸಿ, 4–5 ಮೈಕ್ರಾನ್ ದಪ್ಪದ ಹಾಳೆಗಳಾಗಿ ಕೊಯ್ಯುತ್ತಾರೆ. ಅದರ ಮೇಲೆ ಒಂದೇ ಪ್ರೋಟೀನನ್ನು ಹಿಡಿಯುವ ಪ್ರತಿಕಾಯದ ದ್ರಾವಣ ಹಾಕುತ್ತಾರೆ. ಪ್ರೋಟೀನ್ ಇದ್ದಲ್ಲಿ ಪ್ರತಿಕಾಯ ಅಂಟುತ್ತದೆ, ಇಲ್ಲದಲ್ಲಿ ತೊಳೆದು ಹೋಗುತ್ತದೆ. ಅಂಟಿದ್ದು ಕಣ್ಣಿಗೆ ಕಾಣಲೆಂದು ಅದಕ್ಕೊಂದು ಕಿಣ್ವ ಜೋಡಿಸಿರುತ್ತಾರೆ. ಅದು ಬಣ್ಣದ ರಾಸಾಯನಿಕವನ್ನು ಅಲ್ಲಿಯೇ ಕಂದಾಗಿಸುತ್ತದೆ. ಕೋಶಕೇಂದ್ರಗಳಿಗೆ ಬೇರೊಂದು ನೀಲಿ ಬಣ್ಣ. ನೀಲಿಯ ನಡುವೆ ಕಂದು ಕಂಡರೆ ಪಾಸಿಟಿವ್, ಅಷ್ಟೆ. ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಕಟ್ಟಿ ಅಂಗಾಂಶದಲ್ಲಿ ಹುಡುಕುವ ಉಪಾಯವನ್ನು ಆಲ್ಬರ್ಟ್ ಕೂನ್ಸ್ 1941ರಲ್ಲಿ ತೋರಿಸಿದರು. ಒಂದೇ ಗುರಿಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿಯನ್ನು ಕೋಹ್ಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲಿ ಕಂಡುಕೊಂಡರು. (ಆ ಕಿಣ್ವ ಬರುವುದು ಹಾರ್ಸ್‌ರಾಡಿಶ್ ಎಂಬ ಖಾರದ ಬೇರಿನಿಂದ. ನಮ್ಮ ನುಗ್ಗೆಮರದ ಬೇರೂ ಹಾಗೇ ಖಾರವೆಂದು ಇಂಗ್ಲಿಷರು ನುಗ್ಗೆಗೆ ‘ಹಾರ್ಸ್‌ರಾಡಿಶ್ ಮರ’ ಎಂದು ಹೆಸರಿಟ್ಟಿದ್ದರು. ಎರಡೂ ಬೇರೆ ಸಸ್ಯಗಳು. ಮಕ್ಕಳಿಗೆ ಈ ಮಾತು ನೆನಪಿರುತ್ತದೆ.)

ಇದನ್ನೇ ಒಂದು ಪಾಠವಾಗಿಸಲು ಹೊರಟೆ. ಮೊದಲ ಪಾಠಯೋಜನೆಯಲ್ಲಿ ‘ಊರಿನವರು, ಹೊರಗಿನಿಂದ ಬಂದವರು’ ಎಂಬ ಹೋಲಿಕೆ ಬರೆದಿದ್ದೆ: ಗ್ಲಿಯಾ ಗಡ್ಡೆ ಊರಿನದು, ಹರಡಿ ಬಂದದ್ದು ಹೊರಗಿನದು. ವಿಧಾನಶಾಸ್ತ್ರದ ಮೇಡಂ ಅದರ ಮೇಲೆ ಉದ್ದ ಗೆರೆ ಎಳೆದು, “ನಿನ್ನ ತರಗತಿಯಲ್ಲಿ ಅರ್ಧ ಮಕ್ಕಳ ಮನೆಮಾತು ಕನ್ನಡವಲ್ಲ. ಕಾಯಿಲೆಗೆ ಅವರ ಅಪ್ಪಅಮ್ಮನನ್ನು ಹೋಲಿಸುತ್ತೀಯಾ?” ಎಂದರು. ನನಗೆ ಹೊಳೆದೇ ಇರಲಿಲ್ಲ. ಅದರ ಬದಲು ಬೊಮ್ಮಸಂದ್ರದ ಶಿಫ್ಟ್ ಬಿಡುವ ಹೊತ್ತನ್ನು ತೆಗೆದುಕೊಂಡೆ. ಸಮವಸ್ತ್ರ ನೋಡಿದರೆ ಯಾರು ಯಾವ ಕಾರ್ಖಾನೆಯವರು ಎಂದು ನಮ್ಮ ಮಕ್ಕಳು ದೂರದಿಂದಲೇ ಹೇಳುತ್ತಾರೆ. ಸಮವಸ್ತ್ರ ಹೇಳುವುದು ಕೆಲಸದ ಜಾಗವನ್ನು. ಆ ಮನುಷ್ಯ ಒಳ್ಳೆಯವನೋ ಕೆಟ್ಟವನೋ ಎಂಬುದನ್ನಲ್ಲ.

ಪ್ರಾತ್ಯಕ್ಷಿಕೆಗೆ ಗಂಜಿ ಮತ್ತು ಅಯೋಡಿನ್. ಗಂಜಿ ನಮ್ಮ ‘ಪ್ರೋಟೀನ್’, ಅಯೋಡಿನ್ ನಮ್ಮ ‘ಪ್ರತಿಕಾಯ’. ಬಿಳಿ ಹಾಳೆಯ ಮೇಲೆ ಒಂದು ಕಡೆ ತಿಳಿಗಂಜಿ, ಇನ್ನೊಂದು ಕಡೆ ಬರೀ ನೀರು ಚುಕ್ಕೆಯಿಟ್ಟು ಒಣಗಿಸಿ ಅಯೋಡಿನ್ ಹನಿಸಿದೆ. ಎರಡೂ ಕಡೆ ನೀಲಿ! ತರಗತಿ ಗೊಳ್ಳೆಂದು ನಕ್ಕಿತು. ಬರೆಯುವ ಹಾಳೆಗೆ ತಯಾರಿಕೆಯಲ್ಲೇ ಗಂಜಿ ಸೇರಿಸುತ್ತಾರೆ ಎಂಬುದನ್ನು ನಾನು ಮರೆತಿದ್ದೆ. ಮೊದಲು ಬೆವರಿದೆ, ಆಮೇಲೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು ಎನಿಸಿತು. “ನೀರಿನ ಚುಕ್ಕೆ ಇಡದಿದ್ದರೆ ಈ ಮೋಸ ಗೊತ್ತಾಗುತ್ತಿತ್ತಾ?” ಎಂದು ಕೇಳಿದೆ. ಪೆಥಾಲಜಿ ಪ್ರಯೋಗಾಲಯದಲ್ಲೂ ಇದೇ ಭಯ. ಆದ್ದರಿಂದ ಪ್ರೋಟೀನ್ ಖಚಿತವಾಗಿ ಇರುವ ಒಂದು ತುಣುಕನ್ನು, ಕಂದು ಬರಬಾರದ ಒಂದು ತುಣುಕನ್ನು ಜೊತೆಗೇ ಪರೀಕ್ಷಿಸುತ್ತಾರೆ. ಅವೆರಡೂ ಸರಿಯಿದ್ದರೆ ಮಾತ್ರ ರೋಗಿಯ ತುಣುಕಿನ ಮಾತು ಕೇಳುತ್ತಾರೆ. ಮುಂದಿನ ಅವಧಿಯಲ್ಲಿ ಸೋಸು ಕಾಗದ ಬಳಸಿದೆ, ನೀರಿನ ಚುಕ್ಕೆ ನೀಲಿಯಾಗಲಿಲ್ಲ.

ಇನ್ನು ನನ್ನ ಅರ್ಧ ಸುಳ್ಳಿನ ವಿಷಯ. ಜಿಎಫ್‌ಎಪಿ ಆಸ್ಟ್ರೋಸೈಟ್ ಎಂಬ ಗ್ಲಿಯಾ ಕೋಶದೊಳಗಿನ ಎಳೆಎಳೆಯಾದ ಪ್ರೋಟೀನ್, ಕೋಶದ ಹಂದರ. ಲಾರೆನ್ಸ್ ಎಂಗ್ ಇದನ್ನು ಮೊದಲು ಬೇರ್ಪಡಿಸಿದ್ದು ಗಡ್ಡೆಯಿಂದಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳ ಮಿದುಳಿನ ಹಳೆಯ ಕಲೆಗಳಿಂದ, 1970ರ ಆಸುಪಾಸಿನಲ್ಲಿ. ಅಂದರೆ ಆರೋಗ್ಯವಂತ ಆಸ್ಟ್ರೋಸೈಟ್‌ನಲ್ಲೂ ಇದು ಉಂಟು, ಗಾಯವಾದಲ್ಲಿ ಹೆಚ್ಚುತ್ತದೆ, ಬೇರೆಡೆಯಿಂದ ಬಂದ ಕ್ಯಾನ್ಸರಿನ ಸುತ್ತ ಗಾಬರಿಗೊಂಡ ಆಸ್ಟ್ರೋಸೈಟ್‌ಗಳಲ್ಲೂ ಕಂದು ಕಾಣುತ್ತದೆ. ಕಂದಾಗಿರುವುದು ಗಡ್ಡೆಯ ಕೋಶವೋ ಪಕ್ಕದ ಕೋಶವೋ ಎಂದು ಕಣ್ಣಿಟ್ಟು ನೋಡುವವರೇ ಹೇಳಬೇಕು. ತೀರಾ ಕೆಟ್ಟುಹೋದ ಗಡ್ಡೆ ಕೆಲವೊಮ್ಮೆ ತನ್ನ ಸಮವಸ್ತ್ರವನ್ನೇ ಕಳಚಿಬಿಡುತ್ತದೆ. ಆಗ ಗ್ಲಿಯಾ ಗಡ್ಡೆಯಲ್ಲೂ ಜಿಎಫ್‌ಎಪಿ ಸಿಗದು.

ಎಸ್-100 ಎಂಬ ಇನ್ನೊಂದು ಪ್ರೋಟೀನಿದೆ. ಅಮೋನಿಯಂ ಸಲ್ಫೇಟಿನ ನೂರಕ್ಕೆ ನೂರು ಸಂತೃಪ್ತ ದ್ರಾವಣದಲ್ಲೂ ಕರಗುತ್ತದೆ ಎಂದು 1965ರಲ್ಲಿ ಮೂರ್ ಇಟ್ಟ ಹೆಸರು. ನರದ ಹೊದಿಕೆಯ ಶ್ವಾನ್ ಕೋಶಗಳ ಗಡ್ಡೆಯಲ್ಲಿ ಇದು ದಟ್ಟವಾಗಿ ಕಾಣುತ್ತದೆ. ಆದರೆ ಚರ್ಮದ ಮೆಲನೋಮದಲ್ಲೂ, ಕೊಬ್ಬಿನ ಕೋಶದಲ್ಲೂ ಇದೆ. ಹತ್ತು ಕಾರ್ಖಾನೆಗೆ ಕಾವಲುಗಾರರನ್ನು ಕಳಿಸುವ ಒಂದೇ ಏಜೆನ್ಸಿಯ ಖಾಕಿಯ ಹಾಗೆ. ನ್ಯೂರಾನಿನ ಕಡೆಯ ಗಡ್ಡೆಗಳಿಗೆ ಸಿನಾಪ್ಟೋಫೈಸಿನ್ ನೋಡುತ್ತಾರೆ, ಅದು ಶ್ವಾಸಕೋಶದ ಕೆಲವು ಗಡ್ಡೆಗಳಲ್ಲೂ ಸಿಗುತ್ತದೆ. ಕೆಐ-67 ಯಾವ ಕಾರ್ಖಾನೆ ಎಂದು ಹೇಳುವುದೇ ಇಲ್ಲ, ಎಷ್ಟು ಕೋಶಗಳು ವಿಭಜನೆಯ ಚಕ್ರದಲ್ಲಿವೆ ಎಂದಷ್ಟೇ ಹೇಳುತ್ತದೆ. ಹೀಗಾಗಿ ಒಂದೇ ಪ್ರೋಟೀನ್ ನಂಬದೆ ನಾಲ್ಕಾರನ್ನು ಒಟ್ಟಿಗೆ ನೋಡಿ, ಕೋಶಗಳ ಆಕಾರ ಮತ್ತು ಸ್ಕ್ಯಾನಿನ ಜೊತೆ ತಾಳೆ ಹಾಕುತ್ತಾರೆ.

ಅವಳ ಕಾಗದದ ಎರಡನೆಯ ಪಾಸಿಟಿವ್ ಐಡಿಎಚ್-1 ಎಂಬುದು. ಅದರ ಕಥೆ ಬೇರೆಯೇ. ಇಲ್ಲಿ ಪ್ರತಿಕಾಯ ಹುಡುಕುವುದು ಸಹಜ ಪ್ರೋಟೀನನ್ನಲ್ಲ, ಕೆಟ್ಟ ಪ್ರೋಟೀನನ್ನು: 132ನೆಯ ಸ್ಥಾನದ ಅರ್ಜಿನಿನ್ ಹೋಗಿ ಹಿಸ್ಟಿಡಿನ್ ಬಂದಿರುವ ರೂಪವನ್ನು. ನಾನೂರಕ್ಕೂ ಹೆಚ್ಚು ಅಮೈನೋ ಆಮ್ಲಗಳ ಸರದಲ್ಲಿ ಒಂದೇ ಮಣಿ ಬದಲಾಗಿದ್ದನ್ನು ಅದು ಗುರುತಿಸುತ್ತದೆ. ಗಾಯದಿಂದ ಕೆರಳಿದ ಆಸ್ಟ್ರೋಸೈಟ್‌ನಲ್ಲಿ ಇದು ಬರುವುದಿಲ್ಲ, ಆದ್ದರಿಂದ ಗಾಯವೋ ಗಡ್ಡೆಯೋ ಎಂಬ ಸಂದೇಹ ಇಲ್ಲಿ ತೀರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2016ರ ಮತ್ತು 2021ರ ವರ್ಗೀಕರಣಗಳಲ್ಲಿ ವಯಸ್ಕರ ಗ್ಲಿಯಾ ಗಡ್ಡೆಗಳನ್ನು ಈ ಬದಲಾವಣೆ ಇದೆಯೇ ಇಲ್ಲವೇ ಎಂದೇ ಬೇರೆ ಮಾಡಿದೆ. ಇರುವ ಗಡ್ಡೆಗಳು ಸಾಮಾನ್ಯವಾಗಿ ಇಲ್ಲದವುಗಳಿಗಿಂತ ನಿಧಾನ. ಅಂದರೆ ಕೋವಿಡ್ ಕಾಲದಿಂದ ನಾವೆಲ್ಲ ಹೆದರುವ ‘ಪಾಸಿಟಿವ್’ ಪದ ಇಲ್ಲಿ ನೆಗೆಟಿವ್‌ಗಿಂತ ಹಗುರ ಸುದ್ದಿಯೂ ಆಗಿರಬಹುದು.

ಇದನ್ನು ನಾನು ಅವಳಿಗೆ ಹೇಳಲಿಲ್ಲ. ಕರೆದು, “ಮೊನ್ನೆ ನಾನು ಅವಸರದಲ್ಲಿ ತಪ್ಪು ಹೇಳಿದೆ. ಪಾಸಿಟಿವ್ ಅಂದ್ರೆ ಆ ಪ್ರೋಟೀನ್ ಸಿಕ್ಕಿತು ಅಂತ ಮಾತ್ರ. ಎಲ್ಲಾ ಸಾಲು ಸೇರಿಸಿ ಅರ್ಥ ಹೇಳಬೇಕಾದವರು ಡಾಕ್ಟರು. ಎರಡನೇ ಸಾಲಿನ ಅರ್ಥ ಏನು ಅಂತ ಚಿಕ್ಕಮ್ಮನಿಗೆ ಕೇಳೋಕೆ ಹೇಳು” ಎಂದೆ. ಆ ಸಾಲನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಇಟ್ಟಿದ್ದೆ: ಅಯೋಡಿನ್ ಹಾಕಿದರೂ ನೀಲಿ ಬರಲಿಲ್ಲ, ಗಂಜಿ ಇಲ್ಲವೆಂದು ಹೇಳಬಹುದೇ? ಹೆಚ್ಚಿನವರು ‘ಹೌದು’ ಎಂದು ಬರೆದಿದ್ದರು. ಅವಳು ಬರೆದದ್ದು: ‘ಅಯೋಡಿನ್ ಹಳೇದಾ ನೋಡಬೇಕು. ಗೊತ್ತಿರೋ ಗಂಜಿ ಮೇಲೆ ಮೊದಲು ಹಾಕಬೇಕು.’