ಕಲ್ಲಿಗೆ ನೀರು, ಮೈಗೆ ಹಬೆ

ಹೆಲ್ಸಿಂಕಿಯ ಕಲ್ಲಿಯೊ ಬಡಾವಣೆ. ಚಳಿಗಾಲದ ಸಂಜೆ. ರಸ್ತೆಯಂಚಿನಲ್ಲಿ ಹಿಮದ ರಾಶಿ. ಹಳೆಯ ಕಟ್ಟಡವೊಂದರ ಬಾಗಿಲ ಮುಂದೆ ಸೊಂಟಕ್ಕೆ ಟವೆಲ್ ಸುತ್ತಿಕೊಂಡ ಒಂದಷ್ಟು ಮಂದಿ ಹರಟುತ್ತ ಕೂತಿದ್ದಾರೆ; ಅವರ ಹೆಗಲಿನಿಂದ ಹಬೆ ಏಳುತ್ತಿದೆ. ದಾರಿಹೋಕರಿಗೆ ಇದೇನೂ ಹೊಸತಲ್ಲ. 1928ರಲ್ಲಿ ಶುರುವಾದ ಕೊಟಿಹಾರ್ಯು ಸೌನಾದ ಮುಂದೆ ಇಂಥ ಗುಂಪು ಇದ್ದದ್ದೇ.

ನಮ್ಮೂರುಗಳಲ್ಲಿ ಸೌನಾ ಎಂದರೆ ದೊಡ್ಡ ಹೋಟೆಲಿನದೋ ಜಿಮ್ಮಿನದೋ ಒಂದು ಮೂಲೆ. ಫಿನ್ಲೆಂಡಿನಲ್ಲಿ ಅದು ಅಡುಗೆಮನೆಯಷ್ಟೇ ಸಾಮಾನ್ಯ. ಸುಮಾರು 55 ಲಕ್ಷ ಜನರಿರುವ ಈ ದೇಶದಲ್ಲಿ 30 ಲಕ್ಷದಷ್ಟು ಸೌನಾಗಳಿವೆ ಎಂಬುದು ಅಂದಾಜು. ಸರೋವರದ ದಂಡೆಯ ಬೇಸಿಗೆ ಮನೆಯಲ್ಲಿದೆ, ಸಂಸತ್ ಭವನದಲ್ಲಿದೆ, ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿದೆ. ಅಪಾರ್ಟ್‌ಮೆಂಟಿನಲ್ಲಿ ಒಂದೊಂದು ಮನೆಗೆ ವಾರಕ್ಕೊಮ್ಮೆ ಗೊತ್ತಾದ ಸರದಿ ಇರುತ್ತದೆ. ಶನಿವಾರದ ಸೌನಾ ಹಳೆಯ ರೂಢಿ. ಕ್ರಿಸ್‌ಮಸ್ ಮುನ್ನಾದಿನವಂತೂ ಅದನ್ನು ತಪ್ಪಿಸುವವರು ಕಡಿಮೆ. 2020ರಲ್ಲಿ ಯುನೆಸ್ಕೊ ಫಿನ್ಲೆಂಡಿನ ಸೌನಾ ಸಂಸ್ಕೃತಿಯನ್ನು ಮನುಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಸೌಟು ಹಿಡಿದವರ ಕೈಯಲ್ಲಿ

ಒಳಗಿರುವುದು ಬಹಳ ಸರಳ. ಮರದ ಹಲಗೆ ಹೊದಿಸಿದ ಕೋಣೆ, ಮೆಟ್ಟಿಲುಮೆಟ್ಟಿಲಾಗಿ ಏರುವ ಜಗಲಿ, ಮೂಲೆಯಲ್ಲಿ 'ಕಿಯುವಾಸ್' ಎಂಬ ಒಲೆ. ಒಲೆಯ ಮೇಲೆ ಕರಿಗಲ್ಲುಗಳ ಗುಡ್ಡೆ. ಪಕ್ಕದಲ್ಲಿ ಒಂದು ಬಕೆಟ್ ನೀರು, ಉದ್ದ ಹಿಡಿಯ ಸೌಟು. ಮೇಲಿನ ಜಗಲಿಯ ಮಟ್ಟದಲ್ಲಿ ಗಾಳಿ 80ರಿಂದ 100 ಡಿಗ್ರಿ ಸೆಲ್ಸಿಯಸ್‌ವರೆಗೂ ಕಾದಿರುತ್ತದೆ.

ಸೌಟಿನಿಂದ ನೀರು ಎರಚಿದರೆ ಕಲ್ಲು ಚುಂಯ್ ಎನ್ನುತ್ತದೆ. ಹಬೆ ಕಣ್ಣಿಗೆ ಕಾಣದೆಯೇ ಮೇಲೇರಿ, ಚಾವಣಿಗೆ ತಾಗಿ, ಹೆಗಲ ಮೇಲೆ ಇಳಿಯುತ್ತದೆ. ಮೊದಲು ಕಿವಿಯ ತುದಿ ಚುರುಗುಟ್ಟುತ್ತದೆ, ಆಮೇಲೆ ಬೆನ್ನು. ಒಂದೆರಡು ನಿಮಿಷದಲ್ಲಿ ಆ ಅಲೆ ತಗ್ಗುತ್ತದೆ. ಈ ಹಬೆಯ ಹೆಸರು 'ಲೋಯ್ಲು'. ಫಿನ್ನರು ಸೌನಾದ ಗುಣ ಹೇಳುವುದು ಥರ್ಮಾಮೀಟರ್ ನೋಡಿ ಅಲ್ಲ, ಲೋಯ್ಲು ಮೆತ್ತಗಿತ್ತೋ ಚುಚ್ಚಿತೋ ಎಂದು.

90 ಡಿಗ್ರಿಯ ನೀರು ಮೈಮೇಲೆ ಬಿದ್ದರೆ ಸುಟ್ಟುಹೋಗುತ್ತೇವೆ. ಅಷ್ಟೇ ಬಿಸಿಯ ಗಾಳಿಯಲ್ಲಿ ಕೂರುವುದು ಹೇಗೆ? ಗಾಳಿ ನೀರಿನಷ್ಟು ಬೇಗ ಮೈಗೆ ಶಾಖ ದಾಟಿಸುವುದಿಲ್ಲ. ಸೌನಾದ ಗಾಳಿ ಒಣಗಿರುವುದರಿಂದ ಬೆವರು ಆರುತ್ತ ಚರ್ಮವನ್ನು ತಂಪಾಗಿಡುತ್ತದೆ. ಸ್ಟೀಮ್ ರೂಮಿನ ಲೆಕ್ಕವೇ ಬೇರೆ. ಅಲ್ಲಿ ಬಿಸಿ 40–50 ಡಿಗ್ರಿ ಮಾತ್ರ, ಆದರೆ ಗಾಳಿಯ ತುಂಬ ತೇವ. ಬೆವರು ಆರುವುದಿಲ್ಲ, ಬದಲಿಗೆ ಹಬೆಯೇ ಚರ್ಮದ ಮೇಲೆ ನೀರಾಗಿ ತನ್ನ ಶಾಖವನ್ನು ಬಿಟ್ಟುಕೊಡುತ್ತದೆ. ಹಾಗಾಗಿ 45 ಡಿಗ್ರಿಯೂ ಭಾರವೆನಿಸುತ್ತದೆ. ಸ್ಟೀಮ್ ರೂಮಿನಲ್ಲಿ ಹಬೆಯ ಅಳತೆ ಯಂತ್ರದ್ದು, ಸೌನಾದಲ್ಲಿ ಸೌಟು ಹಿಡಿದವರದ್ದು. ಆದ್ದರಿಂದಲೇ ನೀರು ಎರಚುವ ಮೊದಲು ಪಕ್ಕದವರನ್ನು ಒಂದು ಮಾತು ಕೇಳುವುದು ಅಲ್ಲಿನ ಮರ್ಯಾದೆ.

ಹೊಗೆಯ ಮನೆ

ಬಲ್ಲವರನ್ನು ಕೇಳಿದರೆ ಎಲ್ಲಕ್ಕಿಂತ ಮೇಲು 'ಸವುಸೌನಾ', ಅಂದರೆ ಹೊಗೆಸೌನಾ. ಇದಕ್ಕೆ ಚಿಮಣಿಯೇ ಇಲ್ಲ. ದೊಡ್ಡ ಕಲ್ಲುರಾಶಿಯ ಕೆಳಗೆ ಆಲ್ಡರ್ ಮರದಂಥ ಸೌದೆ ಒಟ್ಟಿ ಐದಾರು ಗಂಟೆ ಉರಿಸುತ್ತಾರೆ. ಹೊಗೆ ಕೋಣೆಯಿಡೀ ತುಂಬಿ ಬಾಗಿಲಿನಿಂದ, ಗೋಡೆಯ ಕಿಂಡಿಯಿಂದ ಹೊರಹೋಗುತ್ತದೆ. ಬೆಂಕಿ ಪೂರ್ತಿ ಆರಿದ ಮೇಲೆ ಕಲ್ಲಿಗೆ ಮೊದಲ ನೀರು; ಅದು ಸ್ನಾನಕ್ಕಲ್ಲ, ಉಳಿದಿರುವ ವಿಷಾನಿಲವನ್ನು ಹೊರಗಟ್ಟಲಿಕ್ಕೆ. ನಂತರ ಜಗಲಿ ತೊಳೆದು, ಬಾಗಿಲು ಮುಚ್ಚಿ, ಸ್ವಲ್ಪ ಹೊತ್ತು ಹಾಗೇ ಬಿಡಬೇಕು. ಒಳಹೊಕ್ಕಾಗ ಮಸಿಗಟ್ಟಿದ ಗೋಡೆ, ಮಲೆನಾಡಿನ ಬಚ್ಚಲೊಲೆಯ ಮುಂದೆ ಕೂತವರಿಗೆ ಗೊತ್ತಿರುವಂಥ ಹೊಗೆಯ ಕಮಟು. ಗೋಡೆಗೆ ಒರಗಿದರೆ ಬೆನ್ನೆಲ್ಲ ಕಪ್ಪು. ಬೆಂಕಿಯ ಭಯವಿರುವುದರಿಂದ ಇದನ್ನು ಮನೆಯಿಂದ ದೂರ, ನೀರಿನ ಹತ್ತಿರ ಕಟ್ಟುತ್ತಿದ್ದರು.

ಜೊತೆಗೆ ಬೇಕಾದದ್ದು ಬರ್ಚ್ ಸೊಪ್ಪಿನ ಕಟ್ಟು. ನಮ್ಮ ಹಿಮಾಲಯದ ಭೂರ್ಜವೃಕ್ಷದ ಬಳಗದ ಮರ ಇದು. ಜೂನ್ ಕೊನೆಯ ನಡುಬೇಸಿಗೆ ಹಬ್ಬದ ಹೊತ್ತಿಗೆ, ಎಲೆ ಬಲಿತಾಗ, ಎಳೆಯ ರೆಂಬೆಗಳನ್ನು ಕೊಯ್ದು ಅದೇ ಮರದ ಕಡ್ಡಿಯಿಂದ ಬುಡ ಕಟ್ಟುತ್ತಾರೆ. ಒಣಗಿಸಿಟ್ಟರೆ ಚಳಿಗಾಲಕ್ಕೂ ಆಯಿತು. ನೀರಿನಲ್ಲಿ ನೆನೆಸಿದರೆ ಸೊಪ್ಪು ಮತ್ತೆ ಮೆತ್ತಗಾಗುತ್ತದೆ. ಅದರಿಂದ ಹೆಗಲು, ಬೆನ್ನು, ಕಾಲಿಗೆ ಹದವಾಗಿ ಬಡಿದುಕೊಂಡರೆ ರಕ್ತ ಓಡಾಡುತ್ತದೆ, ಕೋಣೆಯೆಲ್ಲ ಹಸಿ ಎಲೆಯ ವಾಸನೆ.

ಹಳೆಯ ಫಿನ್ಲೆಂಡಿನಲ್ಲಿ ಬೆಚ್ಚಗಿನ, ಶುಚಿಯಾದ, ಬಿಸಿನೀರಿರುವ ಜಾಗ ಸೌನಾ ಒಂದೇ. ಹಾಗಾಗಿ ಹೆರಿಗೆ ಇಲ್ಲೇ, ಬಾಣಂತನ ಇಲ್ಲೇ, ಸತ್ತವರ ಮೈ ತೊಳೆಯುವುದೂ ಇಲ್ಲೇ. ಮಾಂಸಕ್ಕೆ ಹೊಗೆ ಹಾಕಲು, ಮೊಳಕೆ ಬಾರ್ಲಿ ಒಣಗಿಸಲು ಕೂಡ ಇದೇ ಕೋಣೆ. ಎರಡನೇ ಮಹಾಯುದ್ಧದಲ್ಲಿ ಸೈನಿಕರು ಗಡಿಯಲ್ಲೂ ಸೌನಾ ಕಟ್ಟಿಕೊಂಡರು. ಕಾಲು ಶತಮಾನ ಅಧ್ಯಕ್ಷರಾಗಿದ್ದ ಉರ್ಹೊ ಕೆಕ್ಕೊನೆನ್ 1960ರಲ್ಲಿ ತಮ್ಮ ಅರವತ್ತನೇ ಹುಟ್ಟುಹಬ್ಬಕ್ಕೆ ಬಂದ ಸೋವಿಯತ್ ನಾಯಕ ಕ್ರುಶ್ಚೇವ್ ಅವರನ್ನು ಸೌನಾಕ್ಕೆ ಕರೆದೊಯ್ದದ್ದು ಅಲ್ಲಿನ ರಾಜಕೀಯದ ಪ್ರಸಿದ್ಧ ಪ್ರಸಂಗ. ಬಟ್ಟೆ ಕಳಚಿ ಕೂತಲ್ಲಿ ಪದವಿ, ಪದಕ ನಡೆಯುವುದಿಲ್ಲ.

ಮನೆಮನೆಗೂ ಸೌನಾ ಬಂದ ಮೇಲೆ ಊರ ಸೌನಾಗಳು ಒಂದೊಂದಾಗಿ ಮುಚ್ಚಿದವು. ಉಳಿದವುಗಳಲ್ಲಿ ಹಿರಿಯದು ಟಾಂಪೆರೆ ನಗರದ ರಾಯಾಪೋರ್ಟಿ. 1906ರದು, ಇಂದಿಗೂ ತೆರೆದಿದೆ. ಈಚೆಗೆ ಗಾಳಿ ಮತ್ತೆ ತಿರುಗಿದೆ. ಹೆಲ್ಸಿಂಕಿಯ ಕಡಲಂಚಿನಲ್ಲಿ 2016ರಲ್ಲಿ ತೆರೆದ, 'ಲೋಯ್ಲು' ಎಂದೇ ಹೆಸರಿರುವ ಸೌನಾಕ್ಕೆ ಪ್ರವಾಸಿಗರೂ ಸ್ಥಳೀಯರೂ ಮುಗಿಬೀಳುತ್ತಾರೆ.

ಪಂದ್ಯವಲ್ಲ

ಆರೋಗ್ಯದ ಮಾತಿಗೆ ಬಂದರೆ, ಪೂರ್ವ ಫಿನ್ಲೆಂಡಿನ 2,315 ನಡುವಯಸ್ಸಿನ ಗಂಡಸರನ್ನು ಸುಮಾರು 20 ವರ್ಷ ಗಮನಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ವಾರಕ್ಕೆ ನಾಲ್ಕರಿಂದ ಏಳು ಬಾರಿ ಸೌನಾ ಮಾಡುವವರಲ್ಲಿ ಹೃದಯದ ಹಠಾತ್ ಸಾವು, ವಾರಕ್ಕೊಮ್ಮೆ ಮಾಡುವವರಿಗಿಂತ ಸಾಕಷ್ಟು ಕಡಿಮೆ ಇತ್ತು. ಆದರೆ ಇದು ಗಮನಿಸಿ ಬರೆದ ಲೆಕ್ಕ. ಆರೋಗ್ಯ ಚೆನ್ನಾಗಿದ್ದವರೇ ಹೆಚ್ಚು ಸೌನಾಕ್ಕೆ ಹೋಗುತ್ತಿದ್ದಿರಬಹುದು. ಬಿಸಿಗೆ ರಕ್ತನಾಳ ಹಿಗ್ಗುತ್ತದೆ, ನಾಡಿ ಚುರುಕಾಗುತ್ತದೆ, ಸ್ನಾಯು ಸಡಿಲುತ್ತದೆ, ರಾತ್ರಿ ಒಳ್ಳೆಯ ನಿದ್ದೆ ಬರುತ್ತದೆ ಎಂಬಷ್ಟನ್ನು ಧೈರ್ಯವಾಗಿ ಹೇಳಬಹುದು. ತೂಕ ಇಳಿಯಿತು ಎನಿಸಿದರೆ ಅದು ಬೆವರಿನ ನೀರು. ಕುಡಿದ ಕೂಡಲೇ ವಾಪಸು.

ಹೆಚ್ಚು ಹೊತ್ತು ತಾಳಿಕೊಂಡವರೇ ಗೆದ್ದರು ಎನ್ನುವ ಹುಚ್ಚಿಗೂ ಫಿನ್ಲೆಂಡ್ ಬೆಲೆ ತೆತ್ತಿದೆ. ಹೈನೋಲಾ ಪಟ್ಟಣದಲ್ಲಿ 110 ಡಿಗ್ರಿಯಲ್ಲಿ ನಡೆಯುತ್ತಿದ್ದ ವಿಶ್ವ ಸ್ಪರ್ಧೆ, 2010ರ ಫೈನಲ್‌ನಲ್ಲಿ ಒಬ್ಬ ಸ್ಪರ್ಧಿ ಸತ್ತ ಮೇಲೆ ಶಾಶ್ವತವಾಗಿ ನಿಂತಿತು.

ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಸೌನಾ ಸಿಕ್ಕರೆ ಇಷ್ಟು ನೆನಪಿರಲಿ. ಮೊದಲು ಮೈ ತೊಳೆದುಕೊಳ್ಳಿ, ಕೂರುವಲ್ಲಿ ಬಟ್ಟೆ ಹಾಸಿ, ಹೊಸಬರಾದರೆ ಕೆಳಗಿನ ಜಗಲಿಯಲ್ಲಿ ಕೂರಿ. ಕಲ್ಲಿಗೆ ನೀರು ಹಾಕಬಹುದೇ ಎಂದು ಕೇಳಿಕೊಳ್ಳಿ. ಕೆಲವು ಕಡೆಯ ವಿದ್ಯುತ್ ಒಲೆಗೆ ಅದು ಕೂಡದು. ಮದ್ಯ ಕುಡಿದು ಹೋಗಬೇಡಿ. ಹೃದಯದ ತೊಂದರೆ ಇರುವವರು, ರಕ್ತದೊತ್ತಡ ಹಿಡಿತದಲ್ಲಿಲ್ಲದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಬಾಗಿಲು ತೆರೆಯಬಾರದು. ಹತ್ತು ನಿಮಿಷವೋ ಹದಿನೈದೋ, ಸಾಕು ಎನಿಸಿದ ಕೂಡಲೇ ಎದ್ದು ಬನ್ನಿ.

ಹೊರಬಂದವರು ನೇರ ಬಟ್ಟೆ ತೊಟ್ಟು ಫೋನ್ ಕೈಗೆತ್ತಿಕೊಳ್ಳುವುದೇ ನಮ್ಮಲ್ಲಿ ಆಗುವ ದೊಡ್ಡ ಲೋಪ. ಫಿನ್ನರು ಸರೋವರಕ್ಕೆ ಧುಮುಕುತ್ತಾರೆ, ಚಳಿಗಾಲವಾದರೆ ಮಂಜುಗಡ್ಡೆ ಕೊರೆದ ಕಿಂಡಿಯಲ್ಲಿ ಮುಳುಗೇಳುತ್ತಾರೆ, ಇಲ್ಲವೇ ಸುಮ್ಮನೆ ಮೆಟ್ಟಿಲ ಮೇಲೆ ಕೂರುತ್ತಾರೆ. ಮೈ ಆರಿದ ಮೇಲೆ ಮತ್ತೆ ಒಳಗೆ, ಮತ್ತೆ ಹೊರಗೆ. ಬಿಸಿಯದು ಅರ್ಧ ಪಾಲಾದರೆ, ಆರುವ ಹೊತ್ತಿನದು ಇನ್ನರ್ಧ. ನಮಗೆ ಸರೋವರವಿಲ್ಲದಿದ್ದರೂ ತಣ್ಣೀರಿನ ಶವರ್ ಇದೆ, ಕುಡಿಯಲು ನೀರುಮಜ್ಜಿಗೆ ಇದೆ. ಅರ್ಧ ಗಂಟೆ ಬಿಡುವೊಂದನ್ನು ಮಾತ್ರ ನಾವೇ ಒದಗಿಸಿಕೊಳ್ಳಬೇಕು.