ಕಪ್ ಬಂತು, ಜನ ಎಲ್ಲಿ ಹೋದರು?

ಬೆಂಗಳೂರು: ಹುಟ್ಟಿದ್ದು 2013ರಲ್ಲಿ. ಮೊದಲ ಸೀಸನ್ನಿನಲ್ಲೇ ಐ-ಲೀಗ್ ಗೆದ್ದಿತು ಬೆಂಗಳೂರು ಎಫ್‌ಸಿ. ಆಗ ಅಶೋಕನಗರದ ಫುಟ್‌ಬಾಲ್ ಮೈದಾನದಲ್ಲಿ ಜನ ಗೆರೆಯ ಪಕ್ಕದಲ್ಲೇ ಕೂತು ಕೂಗುತ್ತಿದ್ದರು. ಆಮೇಲೆ ದೊಡ್ಡ ಕಂಠೀರವಕ್ಕೆ ಬಂದದ್ದಾಯ್ತು. 2019ರಲ್ಲಿ ಐಎಸ್‌ಎಲ್ ಕಪ್ಪೂ ಬಂತು.

ಅಷ್ಟರಲ್ಲಿ ಕೊರೊನಾ. 2020-21, 2021-22ರ ಲೀಗ್ ಪಂದ್ಯಗಳೆಲ್ಲ ಗೋವಾದಲ್ಲಿ, ಖಾಲಿ ಮೈದಾನದಲ್ಲಿ. ಇಲ್ಲಿಯವರಿಗೆ ಮೈದಾನಕ್ಕೆ ಹೋಗುವ ಅಭ್ಯಾಸವೇ ತಪ್ಪಿತು. 2022ರಲ್ಲಿ ಆಟ ಊರಿಗೆ ಮರಳಿತು. ಜನ ಮೊದಲಿನ ಹಾಗೆ ಮರಳಲಿಲ್ಲ.

ಏಳೂವರೆಗೆ ಶುರುವಾದ ಆಟ ಮುಗಿಯೋದು ಒಂಬತ್ತೂವರೆಗೆ. ಅಂಗಡಿಯವರಿಗೆ ಅದು ವ್ಯಾಪಾರದ ಹೊತ್ತು. ದೂರದ ಬಡಾವಣೆಯವರಿಗೆ ಬಸ್ಸಿನ ಚಿಂತೆ. ಕಷ್ಟಪಟ್ಟು ಬಂದರೂ ನಡುವೆ ಓಟದ ಟ್ರ್ಯಾಕ್, ಆಟ ಅಷ್ಟು ದೂರ.

ಗೋಲು ಹೊಡೆಯೋದು ಆಟಗಾರರ ಕೆಲಸ. ಜನರನ್ನ ಮನೆಯಿಂದ ಎಬ್ಬಿಸಿ ಕರೆತರೋದು ಯಾರ ಕೆಲಸ? ಕ್ಲಬ್ಬಿನವರೇ ಹೇಳಬೇಕು.